ರಾಜಲಕ್ಷ್ಮಮ್ಮನ ಉತ್ತರ

"ನಿಮಗೆ ಈ ನರ್ಸಿಂಗ್ ಹೋಮ್ ಬಿಟ್ಟು ಸ್ವಂತ ಮನೆಯಲ್ಲಿ ವಾಸಿಸಲು ಇಷ್ಟವಿದೆಯೇ?"

ಮೇಜಿನ ಮೇಲಿಟ್ಟ ಫೋನಿನಿಂದ ದುಭಾಷಿಯ ಕನ್ನಡ ಕೇಳಿಬಂತು. ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿ, ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆ ನರ್ಸಿಂಗ್ ಹೋಮಿನ ಮೀಟಿಂಗ್ ರೂಮಿನಲ್ಲಿ ಎಲ್ಲರ ಕಣ್ಣೂ ರಾಜಲಕ್ಷ್ಮಮ್ಮನ ಮೇಲೆ. ಪ್ರಶ್ನೆ ಕೇಳಿಸಿದ ಸೋಶಿಯಲ್ ವರ್ಕರ್, ಮಗ ಯಶವಂತ್, ಪಕ್ಕದಲ್ಲಿ ಯಾಮಿನಿ.

ಐಟಿ ಕೆಲಸ ಕೈಕೊಟ್ಟ ಮೇಲೆ ಯಾಮಿನಿ ತರಬೇತಿ ಪಡೆದು, ಕಚೇರಿಗಳಿಗೆ ಅಲೆದು, ನರ್ಸಿಂಗ್ ಹೋಮ್‌ಗಳಲ್ಲಿ ಉಳಿದುಹೋದವರನ್ನು ಮತ್ತೆ ಹೊರಗಿನ ಬದುಕಿಗೆ ಕರೆತಂದು ಅದಕ್ಕೆ ಸರ್ಕಾರದಿಂದ ಹಣ ಪಡೆಯುವ ಪ್ರೊವೈಡರ್ ಆಗಿದ್ದಳು. ಇದು ಅವಳ ಮೊದಲ ಕೇಸು. ಸೊಂಟ ಮುರಿದುಕೊಂಡು ಇಲ್ಲಿ ಸೇರಿದ್ದ ರಾಜಲಕ್ಷ್ಮಮ್ಮ ಈಗ ವಾಕರ್ ಹಿಡಿದು ತಾವೇ ಓಡಾಡುತ್ತಿದ್ದರು. ಹತ್ತಿರದ ಊರು ಡುಲುತ್‌ನಲ್ಲಿ ಮೆಟ್ಟಿಲಿಲ್ಲದ ಮನೆಯೊಂದು ಸಿಕ್ಕಿತ್ತು. ತೋರಿಸಲು ಕರೆದೊಯ್ದ ದಿನ ಅವರು ಅಡುಗೆಮನೆ ಬಿಟ್ಟು ಈಚೆಗೇ ಬಂದಿರಲಿಲ್ಲ. ಇವತ್ತು ಅವರು ಹೂಂ ಅನ್ನಬೇಕು. ಇಲ್ಲದಿದ್ದರೆ ಆ ಮನೆ ಸರದಿಯಲ್ಲಿರುವ ಮುಂದಿನವರ ಪಾಲು.

ರಾಜಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು, ಮಗನತ್ತ ಒಮ್ಮೆ ನೋಡಿ, ಸಂಕೋಚದಿಂದ ನಕ್ಕರು.

"ಅಯ್ಯೋ, ಬೇಡ ಬಿಡಿ. ನನಗೋಸ್ಕರ ನಿಮಗೆಲ್ಲ ಯಾಕೆ ಸುಮ್ನೆ ತೊಂದ್ರೆ? ಇಲ್ಲೇ ಇರ್ತೀನಿ."

ದುಭಾಷಿ ಒಂದಕ್ಷರ ಬಿಡದೆ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಸೋಶಿಯಲ್ ವರ್ಕರ್ ತಲೆಯಾಡಿಸಿ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು.

ಬೇಡ ಎಂದವರ ಎಲೆಗೇ ಇನ್ನೊಂದು ಒಬ್ಬಟ್ಟು ಹಾಕುವ ಮನೆಯಲ್ಲಿ ಬೆಳೆದವಳು ಯಾಮಿನಿ. ಈ ಬೇಡ ಎಂಥ ಬೇಡ ಎಂದು ಅವಳಿಗೆ ಗೊತ್ತು. ಈ ತಾಯಿಯ ಕೈಯಲ್ಲೇ ಉಂಡು ಬೆಳೆದ ಯಶವಂತನಿಗೆ ಗೊತ್ತಿಲ್ಲವೇ? ಗೊತ್ತು, ಚೆನ್ನಾಗಿಯೇ ಗೊತ್ತು. ಅಮ್ಮ ಹೊರಗೆ ಬಂದರೆ ದಿನಾ ವಿಚಾರಿಸಬೇಕು, ಆಗಾಗ ಡುಲುತ್‌ಗೆ ಓಡಬೇಕು. ಜಾಣ ಕುರುಡಿಗೆ ಮದ್ದಿಲ್ಲ.

"ಇನ್ನೊಂದು ಸಲ ಕೇಳಿ, ಪ್ಲೀಸ್," ಯಾಮಿನಿ ಇಂಗ್ಲಿಷಿನಲ್ಲಿ ಅಂಗಲಾಚಿದಳು. "ನಮ್ಮಲ್ಲಿ ಮೊದಲ ಸಲಕ್ಕೇ ಯಾರೂ ಹೂಂ ಅನ್ನುವುದಿಲ್ಲ."

"ಅವರು ಬೇಡ ಅಂದರು. ಒತ್ತಾಯ ಮಾಡುವ ಹಾಗಿಲ್ಲ," ಎಂದಳು ಸೋಶಿಯಲ್ ವರ್ಕರ್, ತುಂಬ ಮೃದುವಾಗಿ. "ಅದರಲ್ಲೂ ನೀವು ಪ್ರೊವೈಡರ್. ಅವರು ಹೊರಟರೆ ಲಾಭ ನಿಮಗೆ. ಅವರ ನಿರ್ಧಾರವನ್ನು ನಾವು ಗೌರವಿಸೋಣ."

ಯಾಮಿನಿ ಮಗನ ಕಡೆ ತಿರುಗಿದಳು. "ಯಶವಂತ್, ನೀವಾದ್ರೂ ಹೇಳಿ."

"ಅಮ್ಮನಿಗೆ ಇಲ್ಲೇ ಕಂಫರ್ಟಬಲ್ ಅಂದ್ಮೇಲೆ ನಾನೇನ್ ಹೇಳ್ಲಿ? ಅವರ ಡಿಸಿಷನ್," ಎಂದು ಅವನು ಕಾರಿನ ಕೀ ತೆಗೆದುಕೊಂಡು ಎದ್ದ. ಮುಖದಲ್ಲಿ ಎಂಥ ನಿರಾಳ! ಯಾಮಿನಿಯ ಮೈಯೆಲ್ಲ ಉರಿದುಹೋಯಿತು.

ಕಾರಿಡಾರಿನಲ್ಲಿ ನಿಂತು ಡುಲುತ್‌ನ ಮನೆ ಕೊಡುವವರಿಗೆ ಫೋನ್ ಮಾಡಿದಳು. ಒಂದು ವಾರ ತಡೆಯಿರಿ ಎಂದು ಕೇಳಿಕೊಂಡಳು. ಆಗುವುದಿಲ್ಲ, ಸರದಿಯವರಿಗೆ ಈಗಲೇ ತಿಳಿಸುತ್ತೇವೆ ಎಂದರು ಅವರು.

ಸುದ್ದಿ ಹೇಗೆ ಹೇಳುವುದೆಂದು ತೋಚದೆಯೇ ರಾಜಲಕ್ಷ್ಮಮ್ಮನ ರೂಮಿಗೆ ಹೋದಳು. ಮಂಚದ ಮೇಲೆ ಬಟ್ಟೆಯ ಬ್ಯಾಗು ತುಂಬಿ, ಜಿಪ್ ಹಾಕಿ ಇಟ್ಟಿತ್ತು. ರಾಜಲಕ್ಷ್ಮಮ್ಮ ವೆಂಕಟರಮಣನ ಪಟವನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದರು.

"ಆ ಹುಡುಗಿ ಮತ್ತೆ ಕೇಳಲೇ ಇಲ್ವಲ್ಲಮ್ಮ," ಎಂದರು. "ಕೆಲಸದ ಗಡಿಬಿಡೀಲಿ ಮರೆತಳೇನೋ, ಪಾಪ. ಹೋಗ್ಲಿ, ನೀನೇ ಕೇಳಿಬಿಡು. ಹೂಂ ಅಂತೀನಿ."