ಧೀರೇಂದ್ರ ಮಾಸ್ತರರ ಕುಡಿಕೆ

ಕುಡಿಕೆ ಒಡೆದ ಸದ್ದು ಯಾರಿಗೂ ಕೇಳಿಸಲಿಲ್ಲ. ಹೊರಗೆ ಅಂಗಳದಲ್ಲಿ ಇನ್ನೂರು ಮಕ್ಕಳು ನಾಡಗೀತೆಯ ಕೊನೆಯ ಸಾಲನ್ನು ಎಳೆದೆಳೆದು ಹಾಡುತ್ತಿದ್ದರು. ಒಳಗೆ ಹೆಡ್‌ಮಾಸ್ತರ್ ಧೀರೇಂದ್ರ, ಧೂಳು ಒರೆಸುವ ಬಟ್ಟೆ ಹಿಡಿದುಕೊಂಡು, ನೆಲದ ಮೇಲಿನ ಐದು ಚೂರುಗಳನ್ನು ನೋಡುತ್ತ ನಿಂತಿದ್ದರು.

ಒಡೆದವರು ಅವರೇ.

ವಸ್ತುಸಂಗ್ರಹಾಲಯದ ಪೆಟ್ಟಿಗೆ ಬಂದು ವಾರವಾಗಿತ್ತು. ಹಾನಗಲ್, ಶಿಗ್ಗಾಂವಿ, ಸವಣೂರಿನ ಶಾಲೆಗಳನ್ನು ಸುತ್ತಿ ಈಗ ಹಿರೇಕೆರೂರಿನ ಸರದಿ. ತಂದುಕೊಟ್ಟ ಅಧಿಕಾರಿ ಮದಿಹಾ ಹೇಳಿದ್ದು ಇಷ್ಟೇ: “ಸರ್, ಇವು ಗಾಜಿನೊಳಗ ಇಡೂ ಸಾಮಾನಲ್ಲ. ಪ್ರತಿ ಹುಡುಗರ ಕೈಗೂ ಹೋಗ್ಬೇಕ್ರಿ. ಒಡದ್ರೂ ಅಂಜಬ್ಯಾಡ್ರಿ.” ಕುಡಿಕೆಯ ಕೊರಳಿನ ಚೀಟಿಯಲ್ಲಿ ‘ಹಾನಗಲ್ ಕದಂಬರ ಕಾಲದ ನೀರಿನ ಕುಡಿಕೆ. ಮಾದರಿ’ ಎಂದು ಬರೆದಿತ್ತು. ‘ಮಾದರಿ’ಯನ್ನು ಮಾಸ್ತರರು ‘ಸ್ಯಾಂಪಲ್ಲು’ ಎಂದು ಓದಿಕೊಂಡರು.

ಅಂಜಬೇಡಿ ಎಂದರೆ ಅಂಜದಿರಲು ಮಾಸ್ತರರು ಹೆಸರಿಗಷ್ಟೇ ಧೀರರು. ನಿವೃತ್ತಿಗೆ ಎರಡೇ ತಿಂಗಳು. ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಒಂದು ನೋಟೀಸೂ ಪಡೆದವರಲ್ಲ. ಪೆಟ್ಟಿಗೆಯ ಸಾಮಾನುಗಳನ್ನೆಲ್ಲ ಗಾಜಿನ ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಸಮಾಜ ವಿಜ್ಞಾನದ ನೀಲಾಂಬಿಕಾ ಟೀಚರ್ ದಿನಾ ಕೇಳಿದರು. ದಿನಾ ಒಂದೇ ಉತ್ತರ: “ನಾ ಇರೋತನಕ ಇದಕ್ಕ ಒಂದು ಬೆರಳು ಹತ್ತೂದಿಲ್ಲ ನೋಡ್ರಿ.” ಹತ್ತಲೂ ಇಲ್ಲ, ದಿನಾ ಬೆಳಿಗ್ಗೆ ಧೂಳು ಒರೆಸುವ ಅವರ ಬೆರಳುಗಳ ಹೊರತು.

ಚೂರುಗಳು ಊಟದ ಡಬ್ಬಿಯ ಚೀಲ ಸೇರಿದವು. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಮಾಸ್ತರರು ರಟ್ಟೀಹಳ್ಳಿಯ ಬಸ್ಸು ಹತ್ತಿದರು.

ಕುಂಬಾರ ಮಂಜಪ್ಪ ಒಂದು ಚೂರನ್ನು ಉಗುರಿನಿಂದ ಬಡಿದು ನೋಡಿದ. ಆಮೇಲೆ ಮಾಸ್ತರರ ಮುಖ ನೋಡಿದ.

“ಇದಕ್ಯಾಕ ಇಷ್ಟ ಗಾಬರಿ ಆಗೀರಿ ಸರ?”

“ನಿನಗ ತಿಳಿಯೂದಿಲ್ಲ ಬಿಡು ಮಂಜಪ್ಪಾ. ನಾಳೆ ಅನ್ನೂದ್ರಾಗ ಇಂಥಾದ್ದ ಇನ್ನೊಂದು ಬೇಕು.”

“ನಾಳೆ? ಹಸೀ ಮಣ್ಣು ಆರಾಕನ ನಾಲ್ಕ ದಿನ ಹಿಡಿತೈತ್ರಿ. ಆಮ್ಯಾಲೆ ಸುಡಬೇಕು.”

ಮಾಸ್ತರರು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರಾಡಿತು. ಮಂಜಪ್ಪನಿಗೆ ಕೆಡುಕೆನಿಸಿತು. ಒಳಗೆ ಹೋಗಿ, ಗಡಿಗೆಗಳ ರಾಶಿಯ ಹಿಂದೆ ತಡಕಾಡಿ, ಒಂದು ಕುಡಿಕೆಯನ್ನು ಧೋತರದ ಚುಂಗಿನಿಂದ ಒರೆಸುತ್ತ ಬಂದ. ಅದೇ ಹೊಟ್ಟೆ, ಅದೇ ಗಿಡ್ಡ ಕೊರಳು.

“ಇದು ನಡೀತೈತೇನ್ರಿ? ಸುಮ್ನ ಬಿದ್ದಿತ್ತು. ಇದರಾಗ ನನ್ನ ದುಡಿಮಿ ಏನೂ ಇಲ್ಲ, ತಗೊಂಡ ಹೋಗ್ರಿ.”

ಎಂಥ ವಿನಯವಂತ ಎಂದುಕೊಂಡರು ಮಾಸ್ತರರು. ಮನೆಯಲ್ಲಿ ಅದನ್ನು ಗಟ್ಟಿ ಚಹಾದಲ್ಲಿ ಅದ್ದಿದರು, ಬಿಸಿಲಿಗಿಟ್ಟರು, ತುಳಸಿಕಟ್ಟೆಯ ಮಣ್ಣು ತಿಕ್ಕಿದರು. ಕದಂಬರ ಕಳೆ ಬರಬೇಕಲ್ಲ! ಕೊನೆಗೆ ಚೀಟಿ ಕಟ್ಟಿದರು.

ಶನಿವಾರ ಬೀಗದ ಕೈಯನ್ನು ತಾವೇ ನೀಲಾಂಬಿಕಾ ಟೀಚರ್ ಕೈಗಿಟ್ಟರು. “ಮಕ್ಕಳಿಗೆ ಕೊಡ್ರಿ. ಮುಟ್ಟಲಿ, ಆಡಲಿ.”

“ಸರ್, ಆರಾಮ ಅದೀರಿಲ್ಲೋ?” ಎಂದರು ಟೀಚರ್.

ಒಂಬತ್ತನೇ ತರಗತಿ ಕುಡಿಕೆಯ ಮೇಲೆ ಮುಗಿಬಿತ್ತು. ನೀರು ತುಂಬಿ ಕುಡಿದರು. ಅದರ ಬಾಯಿಗೆ ಬಾಯಿ ಹಚ್ಚಿ ಊದಿ ಗೂಬೆಯ ಸದ್ದು ಹೊರಡಿಸಿದರು. ಸುದೀಪ ಅದನ್ನು ಮೇಲಕ್ಕೆಸೆದು ಒಂದೇ ಕೈಯಲ್ಲಿ ಹಿಡಿದ. ಟೀಚರ್ ಚೀರಿದರು; ಮಾಸ್ತರರು ಚಪ್ಪಾಳೆ ತಟ್ಟಿದರು. ಅಷ್ಟು ಹಗುರಾದ ದಿನ ಅವರಿಗೆ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ.

ಆಗ ಶ್ವೇತಾ ಎಂಬ ಹುಡುಗಿ ಕುಡಿಕೆಯೊಳಗೆ ಕೈ ಹಾಕಿ ನಿಂತುಬಿಟ್ಟಳು. “ಸರ್, ಒಳಗ ಬಳ್ಳಿನ ಗುರುತ ಅದಾವ್ರಿ. ಸಣ್ಣವು, ನನ್ನ ಬಳ್ಳಿನಷ್ಟ. ಇದನ್ನ ಮಾಡಿದಾಕಿ ನನ್ನಂಥಾ ಹುಡುಗಿನ ಇದ್ದಳೇನ್ರಿ?”

ಒಬ್ಬೊಬ್ಬರೇ ಬಂದು ಆ ಬೆರಳ ಗುರುತುಗಳ ಮೇಲೆ ತಮ್ಮ ಬೆರಳಿಟ್ಟು ನೋಡಿದರು. ಸೋಮವಾರ ಶ್ವೇತಾ ಆ ಕದಂಬರ ಹುಡುಗಿಯ ಬಗ್ಗೆ ಎರಡು ಪುಟ ಬರೆದು ತಂದಳು. ಓದಿದ ಮಾಸ್ತರರಿಗೆ ಅಂದು ಊಟ ಸೇರಲಿಲ್ಲ. ನೋಟೀಸಿನ ಅಂಜಿಕೆ ಹೋಗಿತ್ತು. ಆ ಜಾಗದಲ್ಲಿ ಬೇರೇನೋ ಕೂತಿತ್ತು.

ಮಂಗಳವಾರ ಮದಿಹಾ ಬಂದರು. ಮಕ್ಕಳು ಸುತ್ತುಗಟ್ಟಿ ಎಲ್ಲವನ್ನೂ ಹೇಳಿದರು: ಗೂಬೆ, ಕ್ಯಾಚು, ಬೆರಳು. ಮದಿಹಾ ನಗುತ್ತಲೇ ಕುಡಿಕೆ ಎತ್ತಿಕೊಂಡರು. ನಗು ನಿಂತಿತು. ಕಿಟಕಿಯ ಬೆಳಕಿಗೆ ಹಿಡಿದರು. ಬುಡ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದರು. ಮೂಸಿದರು.

“ಸರ್, ಚಹಾದ ವಾಸನಿ ಬರಾಕತ್ತೈತಲ್ರಿ.”

ಮಾಸ್ತರರು ಎದ್ದು ನಿಂತರು. “ಒಡದಾಂವ ನಾನ, ಮೇಡಂ. ಮಕ್ಕಳದು ಏನೂ ತಪ್ಪಿಲ್ಲ. ಇದು ರಟ್ಟೀಹಳ್ಳಿ ಮಂಜಪ್ಪ ಕೊಟ್ಟ ಕುಡಿಕಿ.” ಆಮೇಲೆ ಶ್ವೇತಾಳತ್ತ ತಿರುಗಿದರು. ಇದು ಅದಕ್ಕಿಂತ ಕಷ್ಟದ ಮಾತಾಗಿತ್ತು. “ಆ ಬೆರಳಿನ ಗುರುತು ಸುಳ್ಳು ತಂಗಿ. ನಿನಗ ಮೋಸ ಮಾಡಿದೆ.”

ಹುಡುಗಿ ತಲೆ ತಗ್ಗಿಸಿದಳು. ಮದಿಹಾ ಆಗಲೇ ಫೋನು ಕಿವಿಗೆ ಹಚ್ಚಿದ್ದರು. ಮಂಜಪ್ಪನ ನಂಬರು ಅವರ ಬಳಿಯೇ ಇತ್ತು. “ಹೌದೇನ್ರಿ?... ಕೆರಿ ಮಣ್ಣ ತಗಿಯೂವಾಗ ಸಿಕ್ಕಿತ್ತೇನ್ರಿ?... ಎಷ್ಟ ಆಳದಾಗ?” ಎಂದು ಕೇಳುತ್ತ ಹೋದವರು, ಫೋನಿಟ್ಟು, ಕುಡಿಕೆಯನ್ನು ಎರಡೂ ಕೈಯಿಂದ ಎದೆಗವಚಿಕೊಂಡು, ಮೆಲ್ಲಗೆ ಕುರ್ಚಿಯ ಮೇಲೆ ಕೂತರು.

“ಸರ್, ನೀವು ಒಡದದ್ದು ಮಂಜಪ್ಪ ಹೋದ ವರ್ಷ ನಮಗ ಮಾಡಿಕೊಟ್ಟಿದ್ದ ನಕಲು. ಇದು ಏನಿಲ್ಲಂದ್ರೂ ಎಂಟನೂರ ವರ್ಷದ್ದರಿ.”