ಮುಷ್ಕರದ ರೊಟ್ಟಿ

ಕಾದ ಹಂಚಿನ ಮೇಲೆ ಜೋಳದ ರೊಟ್ಟಿ ಬೇಯುವ ವಾಸನೆ ಬಂದರೆ ನನಗೆ ಈಗಲೂ ನೆನಪಾಗುವುದು ಅಮೆರಿಕದ ಫುಟ್‌ಬಾಲ್.

ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ವರ್ಷ ಆಟಗಾರರು ಮುಷ್ಕರ ಹೂಡಿದ್ದರಿಂದ ಅಪ್ಪನ ಮೆಚ್ಚಿನ ಷಿಕಾಗೊ ತಂಡದ ಸೀಸನ್ನೇ ಮೊಟಕಾಯಿತು. ಭಾನುವಾರ ನೋಡಲು ಆಟವಿಲ್ಲದೆ ಅಪ್ಪ ಷಿಕಾಗೊ ಪಕ್ಕದ ವೆಸ್ಟ್‌ಮಂಟ್‌ನ ನಮ್ಮ ಅಡುಗೆಮನೆಗೆ ಬಂದು, ಅವ್ವನ ಪಕ್ಕ ನಿಂತು ರೊಟ್ಟಿ ಬಡಿಯಲು ಕಲಿತರು. ರೊಟ್ಟಿಯ ನಡುವೆ ತೂತು ಬಿದ್ದಾಗಲೆಲ್ಲ ಅವ್ವ ನಗುತ್ತಿದ್ದಳು.

ಮುಷ್ಕರ ಮುಗಿದು ಪಂದ್ಯ ಶುರುವಾದ ಮಧ್ಯಾಹ್ನ ನಾನು ಟೀವಿಯ ಮುಂದಿನಿಂದ, “ಡ್ಯಾಡ್, ಕಿಕಾಫ್!” ಎಂದು ಕೂಗಿದೆ.

ಅವ್ವ ಉರಿ ಸಣ್ಣ ಮಾಡಿದಳು. “ಇಷ್ಟ ಲಗೂನ ರಾಜಿ ಆದ್ರೇನ್ರೀ ಅವರು? ಇನ್ನಷ್ಟು ದಿನ ಗಟ್ಟಿ ನಿಂದರಬೇಕಿತ್ತು.”

ಅಪ್ಪ ಹಿಟ್ಟಿನ ಕೈ ನೋಡಿಕೊಂಡರು. “ಇದೊಂದು ರೊಟ್ಟಿ ಬಡದು ಬರ್ತೀನಿ,” ಎಂದರು ನನಗೆ.

ಆ ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಆಟದ ಮೊದಲರ್ಧ ಮುಗಿದಿತ್ತು.