ಎರಡು ತುದಿ, ಒಂದೇ ಅಂಕಿ

ವಿಚಾರಣೆಗೆ ಬಂದಿದ್ದ ಅಧಿಕಾರಿ ಮೇಜಿನ ಮೇಲಿನ ನೀರಿನ ಲೋಟವನ್ನು ನನ್ನ ಕಡೆ ತಳ್ಳಿದರು.

"ನೀರು ಹೆಪ್ಪುಗಟ್ಟುವಷ್ಟು ಚಳಿಯೇ ಇಲ್ಲ. ಗ್ಯಾಸ್ ಪೈಪಿನೊಳಗೆ ಗಡ್ಡೆ ಹೇಗ್ರೀ ಕಟ್ಟಿತು?"

"ಅಷ್ಟು ಚಳಿ ಬೇಕಿಲ್ಲ ಸರ್. ಒತ್ತಡ ಹೆಚ್ಚಿದ್ದರೆ ನೀರಿನ ಕಣಗಳು ಗ್ಯಾಸಿನ ಸುತ್ತ ಪಂಜರ ಕಟ್ಟಿ ಗಟ್ಟಿಯಾಗುತ್ತವೆ. ಎರಡೂ ತುದಿಯಲ್ಲಿ ಒಂದೇ ಸಮನೆ ಒತ್ತಡ ಇಳಿಸಿದರೆ ಕರಗುತ್ತೆ. ಒಂದು ಕಡೆ ಹೆಚ್ಚು ಇಳಿದರೆ ಗಡ್ಡೆ ಆ ಕಡೆಗೇ ಗುಂಡಿನ ಹಾಗೆ ನುಗ್ಗುತ್ತೆ."

"ಈ ತುದಿಯಲ್ಲಿ ನೀವು, ಆ ತುದಿಯಲ್ಲಿ ತೀರಿಕೊಂಡ ಫಕೀರಪ್ಪ. ಅಲ್ವಾ?"

"ಹೌದು ಸರ್. ಇಪ್ಪತ್ತು ವರ್ಷದಿಂದ ಹಾಗೇ. ವಾಕಿಟಾಕಿಯಲ್ಲಿ ಮೊದಲು ನನ್ನ ಮೀಟರಿನ ಅಂಕಿ ನಾನು ಹೇಳೋದು, ಆಮೇಲೆ ಅವರದ್ದು ಅವರು."

ಅಧಿಕಾರಿ ರೆಕಾರ್ಡಿಂಗ್ ಹಾಕಿದರು. ನನ್ನ ದನಿ "ಐವತ್ತು" ಎಂದಿತು. ಫಕೀರಪ್ಪಣ್ಣನ ದನಿಯೂ "ಐವತ್ತು" ಎಂದಿತು. ನಾನು "ನಲವತ್ತು" ಎಂದೆ. ಅವರೂ "ನಲವತ್ತು" ಎಂದರು. ಆಮೇಲೆ ಏನೂ ಇರಲಿಲ್ಲ.

ನಾನು ನೀರು ಕುಡಿದೆ. ತಣ್ಣಗಿತ್ತೋ ಬಿಸಿಯಿತ್ತೋ ಗೊತ್ತಾಗಲಿಲ್ಲ.

"ಅವರ ಮೀಟರು ಸರಿಯಾಗೇ ಇದೆ. ಆ ಹೊತ್ತಿಗೆ ಅದರ ಮುಳ್ಳು ಹತ್ತಕ್ಕೆ ಇಳಿದಿತ್ತು. ಕಣ್ಣೆದುರಿಗೆ ಹತ್ತು ಇಟ್ಟುಕೊಂಡು ನಲವತ್ತು ಅಂತ ಹೇಗೆ ಹೇಳಿದರು?"

"ಕಂಪನಿಯ ಕಣ್ಣಿನ ತಪಾಸಣೆಯಲ್ಲಿ ಪ್ರತಿ ವರ್ಷ ಬೋರ್ಡಿನ ಅಕ್ಷರ ಹೇಳುತ್ತಿದ್ದ ಹಾಗೇ ಸರ್," ಎಂದೆ. "ಅಲ್ಲೂ ಹಿಂದೆ ನಿಂತು ನಾನು ಪಿಸುಗುಟ್ಟುತ್ತಿದ್ದೆ, ಅವರು ಅದನ್ನೇ ಹೇಳುತ್ತಿದ್ದರು."